ಓಡದ ಗಾಡಿಯ ರೇಡಿಯೇಟರ್

ರೇಡಿಯೇಟರ್ ಮೇಸ್ತ್ರಿಯ ಹೆಂಡತಿ ಇಪ್ಪತ್ತಾರು ವರ್ಷ ಶಾಲೆಯೊಂದರಲ್ಲಿ ಆಯಾ ಆಗಿದ್ದರು. ಗಂಟೆ ಕೆಟ್ಟ ದಿನ ಹೆಡ್‌ಮೇಷ್ಟ್ರು ಆಕೆಯನ್ನೇ ಅಂಗಳಕ್ಕೆ ಕಳಿಸುತ್ತಿದ್ದರು. ಒಂದೇ ಕೂಗಿಗೆ ಮೈದಾನದ ಆ ತುದಿಯ ಮಕ್ಕಳೂ ಎದ್ದೆವೋ ಬಿದ್ದೆವೋ ಎಂದು ಓಡಿಬರುತ್ತಿದ್ದವು. ಅಂಥ ಗಂಟಲಲ್ಲಿ ಗಡ್ಡೆ ಬಂತು. ಆಪರೇಷನ್ ಆಯಿತು, ಜೀವ ಉಳಿಯಿತು. ದನಿ ಮಾತ್ರ ಕಾಗದದ ಮೇಲೆ ಕಾಗದ ಉಜ್ಜಿದಷ್ಟಕ್ಕೆ ಇಳಿಯಿತು.

ಆಸ್ಪತ್ರೆಯಲ್ಲಿ ಮಾತು ಕಲಿಸುವಾಕೆ ಮೇಸ್ತ್ರಿಯನ್ನು ಎದುರಿಗೆ ಕೂರಿಸಿಕೊಂಡು ಹೇಳಿದ್ದರು: “ಇವರು ದಿನಾ ಮಾತಾಡ್ಬೇಕು. ನೀವು ಕೇಳಿಸ್ಕೊಂಡು ಉತ್ತರ ಕೊಡ್ಬೇಕು. ಉತ್ತರ ಬರದ ಮಾತನ್ನ ಯಾರು ಎಷ್ಟು ದಿನ ಆಡ್ತಾರೆ ಹೇಳಿ? ಬಿಟ್ಟುಬಿಟ್ರೆ ಈಗ ಇರೋದೂ ಹೋಗುತ್ತೆ.”

ಮೇಸ್ತ್ರಿ ತಲೆಯಾಡಿಸಿ ಮನೆಗೆ ಬಂದರು. ಆದರೆ ಆ ಮನೆಯಲ್ಲಿ ಕೇಳಿಸಿಕೊಳ್ಳುವುದಾದರೂ ಹೇಗೆ? ಇರುವುದು ಒಂದು ಅಡುಗೆಮನೆ, ಎರಡು ಕೋಣೆ. ಮುಂದಿನ ಕೋಣೆಯಲ್ಲಿ ಮಗಳ ಕಂಪ್ಯೂಟರ್. ಇನ್ನೂ ಕಟ್ಟದ ಕಟ್ಟಡಗಳನ್ನು ಕಟ್ಟಿದಂತೆ ತೋರಿಸುವ ಚಿತ್ರ ಮಾಡುವುದು ಅವಳ ಕೆಲಸ. ಹದಿನೆಂಟನೇ ಮಹಡಿಯ ಬಾಲ್ಕನಿ, ಅಲ್ಲೊಂದು ಹೂಕುಂಡ, ಅದರ ಮೇಲೆ ಇಳಿಬಿಸಿಲು, ಪಕ್ಕದಲ್ಲಿ ಹಲ್ಲು ಕಿರಿಯುವ ಸಂಸಾರ. ಆ ಬಿಸಿಲು ಎಲ್ಲೆಲ್ಲಿ ಎಷ್ಟೆಷ್ಟು ಬೀಳಬೇಕೆಂದು ಯಂತ್ರ ಗಂಟೆಗಟ್ಟಲೆ ಲೆಕ್ಕ ಹಾಕುತ್ತದೆ, ಲೆಕ್ಕ ಹಾಕುತ್ತಾ ಕಾಯುತ್ತದೆ, ಕಾದಂತೆಲ್ಲ ಅದರ ನಾಲ್ಕು ಫ್ಯಾನುಗಳು ಕಿರುಚತೊಡಗುತ್ತವೆ. ಚಿತ್ರ ಬೇಕಾದ ಆಫೀಸು ತಂಪಾಗಿ, ಸದ್ದಿಲ್ಲದೆ ಇರುತ್ತದೆ. ಸದ್ದು, ಸೆಕೆ, ಕರೆಂಟು, ಬೆನ್ನುನೋವು ಎಲ್ಲ ಇವಳ ಪಾಲಿಗೆ. ಇದಕ್ಕೆ ‘ಮನೆಯಿಂದಲೇ ಕೆಲಸ’ ಎಂಬ ಮುದ್ದಾದ ಹೆಸರು ಬೇರೆ.

ಹೆಂಡತಿಯ ತುಟಿ ಅಲುಗುವುದು ಮೇಸ್ತ್ರಿಗೆ ಕಾಣುತ್ತಿತ್ತು, ಮಾತು ಕೇಳುತ್ತಿರಲಿಲ್ಲ. “ಏನೇ? ಏನಂದೆ?” ಎಂದು ಮೂರು ಸಲ ಕೇಳಿದರೆ ನಾಲ್ಕನೇ ಸಲ ಆಕೆ ಕೈಯಾಡಿಸಿ ಸುಮ್ಮನಾಗುತ್ತಿದ್ದರು. ಒಂದು ದಿನ ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ‘ಉಪ್ಪು ಮುಗಿದಿದೆ’ ಎಂದು ಬರೆದು ಮುಂದೆ ಹಿಡಿದರು. ಮೇಸ್ತ್ರಿ ಅದನ್ನು ಎರಡೆರಡು ಸಲ ಓದಿದರು. ಇವಳು ಮಾತು ಬಿಡುತ್ತಿದ್ದಾಳೆ!

ಆ ಹೊತ್ತಿಗೇ ಮಗಳ ಮುಂದೆ ಹೋಗಿ ನಿಂತರು. “ಆ ರಾಕ್ಷಸನ ಬಾಯಿ ಮುಚ್ಚಿಸೇ ಮೊದಲು.”

“ಮುಚ್ಚಿಸಿದ್ರೆ ಸುಟ್ಟು ಕರಕಲಾಗುತ್ತೆ ಅಪ್ಪ. ಗಾಳಿ ಬದಲು ನೀರಲ್ಲಿ ತಣ್ಣಗೆ ಮಾಡೋದೂ ಇದೆ. ಚಿಪ್ ಮೇಲೊಂದು ತಾಮ್ರದ ಡಬ್ಬಿ ಕೂರಿಸಿ ಅದರೊಳಗೆ ನೀರು ಹಾಯಿಸ್ತಾರೆ. ಒಂದು ಪುಟ್ಟ ಪಂಪು. ಬಿಸಿ ನೀರು ಟ್ಯೂಬಲ್ಲಿ ಆಚೆ ಹೋಗಿ, ಆಮೇಲೆ...” ಅವಳು ಅಲ್ಲಿಗೇ ನಿಂತಳು.

“ಆಮೇಲೆ?”

“ರೇಡಿಯೇಟರ್.”

“ಮೂವತ್ತೊಂದು ವರ್ಷದಿಂದ ರೇಡಿಯೇಟರ್ ಬೆಸೆಯೋನ ಅನ್ನ ತಿಂದ್ಕೊಂಡು ಈಗ ಹೇಳ್ತೀಯಲ್ಲೇ!”

ಮೇಸ್ತ್ರಿಗೆ ಅಂಗಡಿಯಲ್ಲಿ ಬಿಡುವಿಗೇನೂ ಬರವಿರಲಿಲ್ಲ. ಈಗ ಬರುವ ಗಾಡಿಗಳದ್ದು ಅಲ್ಯೂಮಿನಿಯಂ, ಪ್ಲಾಸ್ಟಿಕ್ಕು. ಸೋರಿದರೆ ಬೆಸೆಯುವಂತಿಲ್ಲ, ಬಿಸಾಡಿ ಹೊಸದು ಹಾಕಿಸಬೇಕು. ರಿಪೇರಿಗೆ ಒಗ್ಗದ ಹಾಗೆ ಮಾಡಿದ್ದನ್ನೇ ಜಾಣತನ ಎಂದು ಮಾರುತ್ತಾರೆ, ನಾವೂ ಹೌದೌದು ಎಂದು ಕೊಳ್ಳುತ್ತೇವೆ. ಕೈಕೆಲಸ ಬಲ್ಲವನು ಅಂಗಡಿ ಬಾಗಿಲಲ್ಲಿ ಕೂತು ನೊಣ ಹೊಡೆಯುತ್ತಾನೆ.

ಒಂದು ಮುದಿ ಲಾರಿಯ ತಾಮ್ರದ ರೇಡಿಯೇಟರ್ ಮೂಲೆಯಲ್ಲಿತ್ತು. ಮೇಸ್ತ್ರಿ ಅದನ್ನು ಕತ್ತರಿಸಿ, ವಾಷಿಂಗ್ ಸೋಡಾ ಹಾಕಿದ ನೀರಲ್ಲಿ ಕುದಿಸಿ, ಹೊಟ್ಟೆಯೊಳಗಿನ ಕಿಲುಬು ಹೋಗುವವರೆಗೂ ತೊಳೆದು, ಎರಡು ತುದಿಗೂ ಹಿತ್ತಾಳೆಯ ಟ್ಯಾಂಕು ಬೆಸೆದರು. ಮನೆಗೆ ತಂದು ಕಿಟಕಿಯಾಚೆ ಗೋಡೆಗೆ ನೇತುಹಾಕಿದರು. ಮಗಳು ಹಳೆಯ ಪಂಪೊಂದನ್ನು ಗೆಳತಿಯಿಂದ ತಂದಿದ್ದಳು. ನೀರು ಹರಿಯಿತು, ಫ್ಯಾನುಗಳು ನಿಂತವು. ಅಪ್ಪ ಮೀಸೆ ತಿರುವಿದರು.

“ಅರವತ್ತು ಡಿಗ್ರಿ,” ಪರದೆ ನೋಡಿ ಮಗಳು ಓದಿದಳು. “ಎಪ್ಪತ್ತು. ಎಂಬತ್ತೆರಡು. ಅಪ್ಪಾ, ಆಫ್ ಮಾಡ್ತೀನಿ!”

“ತಡಿ, ಗಾಳಿ ಸಾಲ್ತಿಲ್ಲ ಅದಕ್ಕೆ.” ಮೇಸ್ತ್ರಿ ಅಂಗಡಿಗೆ ಓಡಿ ಕಾರಿನ ಫ್ಯಾನೊಂದನ್ನು ತಂದು ಕಟ್ಟಿದರು. ಶಾಖವೇನೋ ಇಳಿಯಿತು. ಸದ್ದು ಮಾತ್ರ ಮೊದಲಿನದಕ್ಕಿಂತ ಎರಡರಷ್ಟಾಗಿ ಕಿಟಕಿ ಗಾಜು ಗಡಗಡ ನಡುಗಿತು. ಹೆಂಡತಿ ಅಡುಗೆಮನೆಯಿಂದ ಬಂದು, ನಿಂತು ನೋಡಿ, ಕ್ಯಾಲೆಂಡರಿನ ಹಾಳೆಯಲ್ಲಿ ಏನೋ ಬರೆದು ಗಂಡನ ಮೂಗಿನ ಮುಂದೆ ಹಿಡಿದರು.

‘ಲಾರಿ ಎಷ್ಟು ಹೊತ್ತಿಗೆ ಹೊರಡುತ್ತೆ?’

ಮಗಳು ಬಿದ್ದು ಬಿದ್ದು ನಕ್ಕಳು. ಮೇಸ್ತ್ರಿ ನಗಲಿಲ್ಲ. ಹಾಳೆ ಹಿಡಿದುಕೊಂಡು ಕೂತೇಬಿಟ್ಟರು. ಲಾರಿ ಹೊರಟರೆ ತಾನೇ ಗಾಳಿ ನುಗ್ಗುವುದು? ಅದಕ್ಕೇ ಅದರ ರೇಡಿಯೇಟರಿನ ತಗಡುಗಳು ಕೂದಲೆಳೆ ಸಂದಿಯಲ್ಲಿ ಒತ್ತೊತ್ತಾಗಿರುತ್ತವೆ. ಈ ಯಂತ್ರ ಕೂತಲ್ಲಿಂದ ಏಳುವುದಿಲ್ಲ. ಬಿಸಿಗಾಳಿ ಆ ಸಂದಿಗಳಲ್ಲೇ ಸಿಕ್ಕಿಕೊಂಡು ಒದ್ದಾಡುತ್ತಿದೆ.

“ಥೂ, ಓಡದ ಗಾಡಿಗೆ ಓಡೋ ಗಾಡಿ ರೇಡಿಯೇಟರ್ ಹಾಕಿದೀನಲ್ಲೇ! ಇದಕ್ಕೆ ಬೇಕಾಗಿರೋದು ಗಾಳಿ ಅಲ್ಲ, ಜಾಗ.”

ಮಾರನೆಯ ದಿನದಿಂದ ಹನ್ನೊಂದು ದಿನ ಬೇರೆ ಕೆಲಸ ಮುಟ್ಟಲಿಲ್ಲ. ತಾಮ್ರದ ತಗಡನ್ನು ಅಂಗೈಯಗಲದ ಪಟ್ಟಿಗಳಾಗಿ ಕತ್ತರಿಸಿ, ಒಂದೊಂದಕ್ಕೂ ತೂತು ಕೊರೆದು, ಕೊಳವೆಗೆ ಪೋಣಿಸಿ, ಒಂದು ಪಟ್ಟಿಗೂ ಇನ್ನೊಂದಕ್ಕೂ ನಡುವೆ ಬೆರಳು ಹಾಯುವಷ್ಟು ಸಂದಿ ಬಿಟ್ಟು ಬೆಸೆದರು. ಇನ್ನೂರ ನಲವತ್ತು ಪಟ್ಟಿ. ಎದ್ದು ನಿಂತಾಗ ಅದು ಅರ್ಧ ಬಾಗಿಲಿನಷ್ಟಿತ್ತು. ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಗಾಳಿ ತುಂಬಿದರೆ ಒಂದು ಗುಳ್ಳೆ ಏಳಲಿಲ್ಲ.

ಭಾನುವಾರ ಬೆಳಿಗ್ಗೆ ಅಪ್ಪ ಮಗಳು ಸೇರಿ ಅದನ್ನು ಗೋಡೆಯ ನೆರಳಿನ ಕಡೆಗೆ, ಹಿಂದೆ ಗಾಳಿಯಾಡಲು ಒಂದು ಇಟ್ಟಿಗೆಯಷ್ಟು ತೆರಪು ಬಿಟ್ಟು ನಿಲ್ಲಿಸಿದರು. ಬ್ಯಾಟರಿಗೆ ಹಾಕುವ ಶುದ್ಧ ನೀರು ತುಂಬಿದರು. ಮಗಳು ಅತಿ ಭಾರದ ಚಿತ್ರವನ್ನೇ ಯಂತ್ರಕ್ಕೆ ಕೊಟ್ಟಳು. ಐವತ್ತು. ಐವತ್ತೈದು. ಐವತ್ತೆಂಟು. ಒಂದು ಗಂಟೆ ಕಳೆದರೂ ಐವತ್ತೆಂಟು. ಮನೆಯಲ್ಲಿ ಸೂಜಿ ಬಿದ್ದರೂ ಕೇಳುವಷ್ಟು ಮೌನ.

ಮಗಳು ಇದ್ದಕ್ಕಿದ್ದಂತೆ ಅಡುಗೆಮನೆಯ ಕಡೆ ತಿರುಗಿ, “ಈಗ ಬೇಡಮ್ಮ, ಆಮೇಲೆ ಕುಡೀತೀನಿ” ಎಂದಳು. ಮರುಕ್ಷಣ ಅವಳ ಕಣ್ಣು ತುಂಬಿತು. “ಅಪ್ಪಾ! ಅಮ್ಮ ಅಲ್ಲಿಂದ ಕೂಗಿದ್ದು ಇಲ್ಲಿಗೆ ಕೇಳಿಸ್ತು!”

ಮೇಸ್ತ್ರಿ ಅವಳ ಮುಖ ನೋಡಿದರು. “ಹೌದೌದು, ಕೇಳಿಸ್ತು, ಕೇಳಿಸ್ತು.”

ಅಷ್ಟರಲ್ಲಿ ಹೆಂಡತಿ ಬಾಗಿಲಿಗೆ ಬಂದು, ಗಂಡನನ್ನು ಮೇಲಿಂದ ಕೆಳಗೆ ನೋಡಿ, ಏನೋ ಅಂದರು.

“ಹೂಂ ಹೂಂ, ಹಾಗೇ ಮಾಡೋಣ.”

ಮಗಳು ಕಿಸಕ್ಕನೆ ನಕ್ಕಳು. ನಗು ಅರ್ಧಕ್ಕೇ ನಿಂತಿತು. “ಅಪ್ಪಾ... ನಿಮ್ಮ ಪ್ಯಾಂಟು ಹಿಂದೆ ಹರಿದಿದೆ ಅಂದ್ರು ಅಮ್ಮ.”

ತಗಡಿನ ಸೂರಿನಡಿ, ಹಿತ್ತಾಳೆಯ ಮೇಲೆ ಮೂವತ್ತೊಂದು ವರ್ಷ ಸುತ್ತಿಗೆ ಬಡಿದು ಕಿವಿ ಮಂದವಾಗಿತ್ತು. ಸ್ವಂತ ಅಂಗಡಿ ಇಡುವ ಮುಂಚಿನ ಯಾವ ಮಾಲೀಕನೂ ಆ ಕಿವಿಗೊಂದು ಚೂರು ಹತ್ತಿ ಕೊಟ್ಟಿರಲಿಲ್ಲ. ಗೊತ್ತೇ ಇರಲಿಲ್ಲವೇ ಮೇಸ್ತ್ರಿಗೆ? ಅರ್ಧ ಗೊತ್ತಿತ್ತು. ಟಿವಿ ಜೋರು ಮಾಡಿಕೊಂಡು ಬೀದಿಯ ಗಲಾಟೆಯನ್ನು ಬೈಯುತ್ತಿದ್ದರು. ಗಿರಾಕಿಯ ಮಾತು ತಿಳಿಯದಿದ್ದರೆ ನಗುತ್ತಿದ್ದರು.

“ಹಾಗಾದ್ರೆ ತಪ್ಪು ಯಂತ್ರದ್ದಲ್ಲ,” ಎಂದರು, ಕೈಯಲ್ಲಿದ್ದ ಸ್ಪ್ಯಾನರನ್ನು ಕೆಳಗಿಡುತ್ತಾ.

“ಅದರದ್ದೂ ಇತ್ತಪ್ಪ. ನನಗೂ ಕೇಳಿಸ್ತಿರಲಿಲ್ಲವಲ್ಲ.”

ಮೇಸ್ತ್ರಿ ಹೆಂಡತಿಯ ಕಡೆ ತಿರುಗಿದರು. “ನಿನ್ನ ಮಾತು ನಿಲ್ಲಿಸಿದ್ದು ನಾನು ಕಣೇ. ನಾಳೇನೇ ಕಿವಿ ತೋರಿಸ್ಕೊಂಡು ಬರ್ತೀನಿ.”

ಆಕೆ ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕೂತರು. ತಂಟೆ ಮಾಡಿದ ಮಕ್ಕಳಿಗೆ ಮಾಡುತ್ತಿದ್ದಂತೆ ಗಂಡನ ಬಲಗಿವಿ ಹಿಂಡಿ ಹತ್ತಿರ ಎಳೆದುಕೊಂಡು ಬಾಯಿಟ್ಟರು. ಮೊದಲು ಬೆಚ್ಚನೆಯ ಉಸಿರು, ಅದರ ಹಿಂದೆಯೇ ಮಾತು.

“ಕುಣಿಯೋಕೆ ಬರದೋಳು ನೆಲ ಡೊಂಕು ಅಂದ್ಳಂತೆ.”

ಮೇಸ್ತ್ರಿಗೆ ನಗು, ಅಳು ಎರಡೂ ಒಟ್ಟಿಗೇ ಬಂತು. “ಕೇಳಿಸ್ತು! ಇನ್ನೊಂದು ಹೇಳು.”

“ನಾನೇನು ಸುಮ್ನಿರಲಿಲ್ಲ. ಆ ಆಸ್ಪತ್ರೆ ಟೀಚರಮ್ಮ ದಿನಾ ಮಾತಾಡಿ ಅಂದಿದ್ರಲ್ಲ, ನಿಮ್ಮ ಬೆನ್ನ ಹಿಂದೆ ನಿಂತು ಎರಡು ತಿಂಗಳು ಬೈದೆ. ಆಮೇಲೆ ಅದೂ ಬಿಟ್ಟೆ. ಎದುರುತ್ತರ ಬರದಿದ್ರೆ ಬೈಯೋಕೂ ರುಚಿ ಇಲ್ಲ ರೀ.”

ಮೇಸ್ತ್ರಿ ಕಿವಿ ಬಿಡಿಸಿಕೊಳ್ಳಲಿಲ್ಲ. “ಮೊದಲಿಂದ ಬೈಯಿ. ಒಂದೂ ಬಿಡಬೇಡ.”

ಆಕೆ ಗಂಟಲು ಸರಿಮಾಡಿಕೊಂಡರು. “ಆಸ್ಪತ್ರೆಯಿಂದ ಕರ್ಕೊಂಡು ಬಂದ ದಿನ ನನ್ನ ಚಪ್ಪಲಿ ಅಲ್ಲೇ ಮರೆತು ಬಂದ್ರಿ.”

“ಅದು ನಾನಲ್ಲ, ನಿನ್ನ ಮಗಳು!”

“ನನ್ನ ಯಾಕೆ ಎಳೀತೀರಪ್ಪ ಮಧ್ಯಕ್ಕೆ!” ಎಂದಳು ಮಗಳು, ಪರದೆಯಿಂದ ಕಣ್ಣು ತೆಗೆಯದೆ.

“ನೀವೇ ಮರೆತಿದ್ದು,” ಕಿವಿಯಲ್ಲಿ ಮತ್ತೆ ಕಾಗದ ಉಜ್ಜಿದಂಥ ದನಿ.

“ಅಲ್ವೇ ಅಲ್ಲ!” ಎಂದು ಮೇಸ್ತ್ರಿ ಬೀದಿಗೆ ಕೇಳುವಂತೆ ಕೂಗಿದರು.