ಸೋಮವಾರ ನಿಂತ ಲಿಫ್ಟು

ಹರವೆಯ ಚಿಕ್ಕಬಸವಯ್ಯ ಬೊಂಬಾಯಿಯಲ್ಲಿ ಲಿಫ್ಟು ಓಡಿಸುತ್ತಿದ್ದ. ಚಾಮರಾಜನಗರದ ರೇಷ್ಮೆ ವ್ಯಾಪಾರಿಯೊಬ್ಬರ ಜೊತೆ ಅವರ ಗಂಟು ಹೊತ್ತು ಹೋದವನು ಅಲ್ಲೇ ನಿಂತು, ಸಮುದ್ರದ ಎದುರಿನ ಎಂಟು ಮಹಡಿಯ ಕಟ್ಟಡದಲ್ಲಿ ಖಾಕಿ ಅಂಗಿ ತೊಟ್ಟು ಹನ್ನೆರಡು ವರ್ಷವಾಗಿತ್ತು. ಹಾಲುಗಲ್ಲಿನ ಮೆಟ್ಟಿಲು, ಹಿತ್ತಾಳೆಯ ಬಾಗಿಲು, ಮನೆಗೊಂದು ಮೋಟಾರು. ಅವನಿಗೆ ಸೋಜಿಗವೆನಿಸಿದ್ದು ಮಾತ್ರ ಬೇರೆ: ಅಷ್ಟು ದೊಡ್ಡ ಬಂಗಲೆಗೆ ಒಬ್ಬ ಯಜಮಾನನಿಲ್ಲ. ಇಪ್ಪತ್ತನಾಲ್ಕು ಸಂಸಾರ ಸೇರಿ ಸಹಕಾರ ಸಂಘ ಕಟ್ಟಿಕೊಂಡಿದ್ದರು; ಒಂದು ಬಲ್ಬು ಬದಲಾಯಿಸಲೂ ಅವರೆಲ್ಲ ಕೂತು ಕೈಯೆತ್ತಬೇಕು.

೧೯೫೪ರ ಬೇಸಿಗೆಯಲ್ಲಿ ಅವರು ಕೈಯೆತ್ತಬೇಕಾಗಿದ್ದುದು ಅವನ ಅನ್ನದ ವಿಚಾರಕ್ಕೆ.

ತಪ್ಪು ಅವನದೇ ಎನ್ನಿ. ಹರವೆ ಕಡೆ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಅದು ಶಿವನ ವಾರ, ಬಸವನಿಗೆ ಬಿಡುವು. ವಾರವಿಡೀ ಜನರನ್ನು ಎಳೆಯುವ ಲಿಫ್ಟಿಗೆ ಆ ಬಿಡುವು ಏಕಿಲ್ಲ ಎಂದು ಇವನ ತಲೆಗೆ ಹೊಕ್ಕಿತು. ದಿನಪೂರ್ತಿ ನಿಲ್ಲಿಸಲು ಧೈರ್ಯ ಸಾಲದೆ, ಮಧ್ಯಾಹ್ನ ಎಲ್ಲರೂ ಉಂಡು ಮಲಗುವ ಹೊತ್ತಿನಲ್ಲಿ ಒಂದು ತಾಸು ನಿಲ್ಲಿಸುತ್ತಿದ್ದ. ಮಾಳಿಗೆಯ ಮೇಲೆ ಲಿಫ್ಟಿನ ಯಂತ್ರವಿದ್ದ ಗೂಡಿಗೆ ಹತ್ತಿ, ಉಕ್ಕಿನ ಹಗ್ಗವನ್ನು ಗೇಣು ಗೇಣಾಗಿ ಒರೆಸಿ, ಗಾಲಿಗೆ ಎಣ್ಣೆ ಬಿಟ್ಟು, ವಿಭೂತಿ ಹಚ್ಚಿ ಇಳಿಯುತ್ತಿದ್ದ. ಒಂದು ಸೋಮವಾರ ಸಂಘದ ಅಧ್ಯಕ್ಷರ ಹೆಂಡತಿ ಏದುಸಿರು ಬಿಡುತ್ತ ಏಳು ಮಹಡಿ ಹತ್ತಬೇಕಾಯಿತು. ಗುಟ್ಟು ಬಯಲಾಯಿತು. "ಊರಲ್ಲಿರು, ಸಭೆ ಸೇರಿ ತೀರ್ಮಾನ ತಿಳಿಸುತ್ತೇವೆ" ಎಂದು ಕಳಿಸಿಬಿಟ್ಟರು.

ಹರವೆಯಲ್ಲಿ ಹೆಂಡತಿ ಮಲ್ಲಾಜಮ್ಮನಿಗೆ ತುತ್ತು ಇಳಿಯಲಿಲ್ಲ.

"ತಪ್ಪಾಯ್ತು ಅಂತ ಒಂದ್ ಕಾಗ್ದ ಬರ್ಸ್‌ಬುಡಿ. ಅದೇನ್ ನಿಮ್ಮಪ್ಪ ಸಾಕಿದ್ ಎತ್ತಾ?"

"ಸುಮ್ಕಿರಮ್ಮಿ. ಅದ್ರ ಮೈ ನಂಗ್ ಗೊತ್ತು. ಅವ್ರೇ ಕರೀತಾರೆ, ನೋಡ್ತಿರು" ಎಂದು ಅವನು ಜಗಲಿಯ ಮೇಲೆ ಎಲೆಯಡಿಕೆ ಹಾಕಿಕೊಂಡು ಕೂತ.

ತಿಂಗಳು ಕಳೆದ ಮೇಲೆ ಇಂಗ್ಲಿಷಿನಲ್ಲಿ ಕಾಗದ ಬಂತು. ಶಾಲೆಯ ಶಂಭುಲಿಂಗಪ್ಪ ಮೇಷ್ಟ್ರು ಓದಿ ಹೇಳಿದರು. ಬದಲಿ ಆಳು ಲಿಫ್ಟನ್ನು ಬಿಡುವಿಲ್ಲದೆ ಓಡಿಸಿದ್ದ. ಎಣ್ಣೆ ಕಾಣದ ಗಾಲಿ ಹಿಡಿದುಕೊಂಡು, ಲಿಫ್ಟು ಎರಡು ಮಹಡಿಗಳ ನಡುವೆ ನಿಂತುಬಿಟ್ಟಿತು. ಒಳಗಿದ್ದವರು ಬೇರೆ ಯಾರೂ ಅಲ್ಲ, ಅಧ್ಯಕ್ಷರೇ. ಎರಡು ತಾಸು ಬೆವೆತರು. ರಿಪೇರಿಗೆ ಬಂದ ಇಂಜಿನಿಯರು, ಇಷ್ಟು ವರ್ಷ ಇದನ್ನು ಇಷ್ಟು ಚೆನ್ನಾಗಿ ನೋಡಿಕೊಂಡವರು ಯಾರು ಎಂದು ಕೇಳಿದರಂತೆ. ಅಂದೇ ಸಭೆ ಸೇರಿತು. ಇಪ್ಪತ್ತನಾಲ್ಕು ಕೈಯೂ ಎದ್ದವು. ಲಿಫ್ಟಿಗೆ ಸೋಮವಾರದ ಬಿಡುವು ಮಂಜೂರಾಗಿತ್ತು.

ಮಲ್ಲಾಜಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು. ಚಿಕ್ಕಬಸವಯ್ಯನಿಗೂ ಎದೆ ತುಂಬಿ ಬಂದಿತ್ತು, ತೋರಿಸಿಕೊಳ್ಳಲಿಲ್ಲ.

"ಬರೋ ಸೋಮವಾರವೇ ಬಂದು ಕೆಲಸಕ್ಕೆ ಸೇರ್ಕೋಬೇಕಂತೆ ಕಣಯ್ಯ" ಎಂದರು ಮೇಷ್ಟ್ರು.

"ಸೋಮವಾರ ಯಾರಾದ್ರೂ ನೊಗ ಕಟ್ಟಾರಾ ಮೇಷ್ಟ್ರೇ? ಮಂಗಳವಾರ ಬತ್ತೀನಿ ಅಂತ ಬರ್ದ್‌ಬುಡಿ."