ಮುರಿದಲ್ಲಿ ನಿಲ್ಲುವ ಕೋಶ

ಕೊಲ್ಲಿ ದೇಶದ ದುಕ್ಮ್‌ನಲ್ಲಿ ಪೈಪಿನ ಬೆಸುಗೆಗಳಿಗೆ ಎಕ್ಸ್-ರೇ ತೆಗೆಯುವುದು ನನ್ನ ಕೆಲಸ. ಒಂದು ಬೆಳಿಗ್ಗೆ ಎದೆಯ ಮೇಲಿನ ವಿಕಿರಣದ ಮೀಟರ್ ಕೂಗತೊಡಗಿತು. ಕ್ಲಿನಿಕ್ಕಿನಲ್ಲಿ ಪರೀಕ್ಷೆಗೆ ರಕ್ತ ಕೊಟ್ಟ ಮೇಲೆ ಕೂತಲ್ಲಿ ಕೂರಲಾಗಲಿಲ್ಲ.

ಉಡುಪಿ ಕಡೆಯ ಡಾಕ್ಟರಮ್ಮ ಸಮಾಧಾನ ಹೇಳಿದರು: "ಕೋಶ ಎರಡಾಗುವ ಮೊದಲು ತನ್ನ ಡಿಎನ್‌ಎಯನ್ನು ನಕಲು ಮಾಡ್ತದೆ. ಮಧ್ಯೆ ಎಲ್ಲಾದ್ರೂ ವಿಕಿರಣದಿಂದ ಮುರಿದದ್ದು ಸಿಕ್ಕಿದ್ರೆ ಕಾವಲಿನ ಪ್ರೋಟೀನುಗಳು ನಕಲನ್ನು ಅಲ್ಲೇ ನಿಲ್ಲಿಸ್ತವೆ. ರಿಪೇರಿ ಆದ ಮೇಲೆಯೇ ಮುಂದೆ."

"ರಿಪೇರಿ ಆಗದಿದ್ರೆ, ಡಾಕ್ಟ್ರೇ?"

"ಹೆಚ್ಚಾಗಿ ಆ ಕೋಶ ತಾನೇ ಸಾಯ್ತದೆ. ಸಾಯದೆ ಉಳಿದದ್ದು ಕ್ಯಾನ್ಸರ್ ಆಗಬಹುದು, ಅದಕ್ಕೇ ಹೆದರಬೇಕು ಮಾರಾಯ್ರೆ."

ಅಷ್ಟರಲ್ಲಿ ಫೋರ್‌ಮನ್ ಫೋನು ಮಾಡಿದ: "ರಿಪೋರ್ಟ್ ಆಮೇಲೆ ನೋಡುವ. ಯಲ್ಲಾ, ಬೇಗ ಕೆಲಸಕ್ಕೆ ಬಾ!"

"ರಿಪೋರ್ಟ್ ಬರದೆ ನಾನು ಬರುವುದಿಲ್ಲ," ಅಂದೆ. ಅವನಿಗೆ ಇಲ್ಲವೆಂದದ್ದು ಅದೇ ಮೊದಲು.

ವಾರ ಕಳೆದು ಬಂದ ರಿಪೋರ್ಟಿನಲ್ಲಿ ದೋಷವಿರಲಿಲ್ಲ. ಜೀವಕೋಶಗಳಿಗೆ ಫೋರ್‌ಮನ್ ಇಲ್ಲದ್ದು ನಮ್ಮ ಪುಣ್ಯ.