ಚೌಮಾಸದ ಬೆಳ್ಳುಳ್ಳಿ ವಾಸನೆ

ಬೆಳ್ಳುಳ್ಳಿ ವಾಸನೆಯಿಂದ ಒಬ್ಬ ಮನುಷ್ಯ ಜೈಲಿಗೆ ಹೋಗಬಹುದು ಅಂದರೆ ನೀವು ನಂಬುತ್ತೀರಾ? ನಂಬುವುದಿಲ್ಲ, ಗೊತ್ತು. ನನ್ನ ಮೊಮ್ಮಗಳೂ ನಂಬಲಿಲ್ಲ. ಅವಳು ದಿನಾ ಮೊಬೈಲಿನಲ್ಲಿ ಹಳೇ ಕಾಲದ ಸೀರಿಯಲ್ ನೋಡುತ್ತ ಉಗುರು ಕಚ್ಚುತ್ತಾಳೆ. ಅದೇ ಕೋಟೆ, ಅದೇ ಕತ್ತಿ, ಅದೇ ರಾಜರ ಒಳಸಂಚು. "ಕತ್ತಿ ಇಲ್ಲದ ಇತಿಹಾಸಾನೂ ಇರತೈತಿ. ನಮ್ಮ ಅಟ್ಟದ ಮ್ಯಾಲ ಒಂದು ಮಲಗಿತ್ತು" ಅಂದೆ. "ಹಂಗಾದ್ರ ಬರಿ ಅಜ್ಜಿ" ಎಂದು ಮೊಬೈಲನ್ನು ನನ್ನ ಕೈಗೇ ತುರುಕಿ, ಟೈಪ್ ಮಾಡುವುದನ್ನೂ ಕಲಿಸಿದಳು. ಅಕ್ಷರ ತಪ್ಪಿದ್ದರೆ ಅವಳನ್ನೇ ಬೈಯಿರಿ.

ದೊಡ್ಡವರು ಬಾಯಿ ತೆರೆಯುವ ಮುಂಚೆ ಕಿಟಕಿಯತ್ತ ನೋಡುತ್ತಿದ್ದ ಕಾಲ ಅದು. ಎಪ್ಪತ್ತೈದರ ಮಳೆಗಾಲ. ದೇಶದಲ್ಲಿ ತುರ್ತು ಪರಿಸ್ಥಿತಿ. ನನಗೆ ಹತ್ತು ವರ್ಷ, ಆ ಶಬ್ದದ ಅರ್ಥ ತಿಳಿದಿರಲಿಲ್ಲ. ನಮ್ಮ ಖಾನಾಪುರದ ಪೇಟೆಯಲ್ಲಿ ಜನ ಸಂತೆಯ ದಿನವೂ ಮೆತ್ತಗೆ ಮಾತಾಡುತ್ತಾರೆ ಎಂಬುದಷ್ಟೇ ತಿಳಿದಿತ್ತು.

ನನ್ನ ಅವ್ವನ ತಮ್ಮ ಜಿನ್ನಪ್ಪ ಮಾಮಾ ಬೆಳಗಾವಿಯ ಒಂದು ಛಾಪಖಾನೆಯಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದ. ಅಚ್ಚು ಹಾಕಬಾರದ್ದನ್ನು ಯಾರೋ ಅಲ್ಲಿ ಅಚ್ಚು ಹಾಕಿಸಿದರಂತೆ. ಛಾಪಖಾನೆಗೆ ಬೀಗ ಬಿತ್ತು, ಮಾಲಕರನ್ನು ಒಯ್ದರು. ಮಾಮಾ ಮಾತ್ರ ಹಿತ್ತಲ ಗೋಡೆ ಹಾರಿ, ಸುತ್ತಿ ಬಳಸಿ, ಒಂದು ಬೆಳಿಗ್ಗೆ ನಮ್ಮ ಮನೆಯ ಹಿಂಬಾಗಿಲಿಗೆ ಬಂದು ನಿಂತ. ಬಟ್ಟೆಯೆಲ್ಲ ಕೆಸರು, ಉಗುರಿನ ಸಂದಿಯಲ್ಲಿ ಇನ್ನೂ ಕರಿ ಮಸಿ. ಅಪ್ಪ ಏನೂ ಕೇಳದೆ ಅಟ್ಟಕ್ಕೆ ನಿಚ್ಚಣಿಕೆ ಹಚ್ಚಿದ.

ಸಾಲೆ ಬಿಟ್ಟ ಮೇಲೆ ನಾನೂ ಅಟ್ಟ ಹತ್ತುತ್ತಿದ್ದೆ. ಶೇಂಗಾ ಚೀಲಗಳ ನಡುವೆ ಕೂತು ಮಾಮಾನ ಜೊತೆ ಚೌಕಾಬಾರ. ಹುಣಸೆ ಬೀಜ ಎಸೆದರೆ ಸಪ್ಪಳ ಆಗುತ್ತದೆಂದು ಕೆಳಗೆ ಹಳೇ ಕೌದಿ ಹಾಸಿಕೊಳ್ಳುತ್ತಿದ್ದೆವು. ಕಾಯಿ ಕಡಿದರೂ ಕೂಗುವಂತಿರಲಿಲ್ಲ. ಗೆದ್ದ ಖುಷಿಯನ್ನು ನುಂಗಿಕೊಂಡು ಕೂಡ್ರುವುದು ಎಂಥ ಕಷ್ಟ ಅಂತ ನನಗೆ ಗೊತ್ತಾದದ್ದು ಅಲ್ಲೇ.

ತೊಂದರೆ ಬಂದದ್ದು ಊಟದಿಂದ. ನಾವು ಜೈನರು. ಚೌಮಾಸ, ಅಂದರೆ ಚಾತುರ್ಮಾಸ, ನಡೆದಿತ್ತು. ಆ ನಾಲ್ಕು ತಿಂಗಳು ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಹಿಡಿದ ನೇಮ ಎಂದರೆ ಮನೆಗೆ ಮನೆಯೇ ಹಿಡಿದ ಹಾಗೆ. ಉಳ್ಳಾಗಡ್ಡಿ ಇಲ್ಲ, ಬೆಳ್ಳುಳ್ಳಿ ಇಲ್ಲ, ಬದನೆಕಾಯಿ ಇಲ್ಲ. ಹೊತ್ತು ಮುಳುಗುವುದರೊಳಗೆ ಊಟ ಮುಗಿಯಬೇಕು. ಆಮೇಲೆ ಒಲೆ ಹಚ್ಚುವ ಮಾತೇ ಇಲ್ಲ. ಮಾಮಾನೂ ಜೈನನೇ. ಆದರೆ ವರ್ಷಗಟ್ಟಲೆ ರಾತ್ರಿ ಪಾಳಿ ಮಾಡಿದವನು, ಅವನ ಹಸಿವಿಗೂ ರಾತ್ರಿ ಪಾಳಿಯೇ ರೂಢಿಯಾಗಿತ್ತು. ಸಂಜೆ ಐದಕ್ಕೆ ಎರಡೇ ತುತ್ತು ತಿನ್ನುತ್ತಿದ್ದ. ದೀಪ ಹಚ್ಚಿದ ಮೇಲೆ ಅವನ ಹೊಟ್ಟೆ ಗುರುಗುಟ್ಟುವುದು ಕೆಳಗೆ ಕೂತ ನಮಗೆ ಕೇಳಿಸುತ್ತಿತ್ತು.

ಎರಡು ರಾತ್ರಿ ಆಯಿ ಕೇಳಿಸಿಕೊಂಡಳು. ಮೂರನೆಯ ಸಂಜೆ ಜಪಮಾಲೆ ಹಿಡಿದು ಗೋಡೆಯ ಕಡೆ ಮುಖ ಮಾಡಿ ಕೂತು ನನಗೆ ಅಂದಳು:

"ಪದ್ದಿ, ನಮ್ಮ ಒಲಿ ಹತ್ತಂಗಿಲ್ಲ. ಹಿತ್ತಲ ಆಚೀಕಡಿ ಒಂದು ಒಲಿ ಹತ್ತಿರತೈತಿ. ನಾ ಈಕಡಿ ತಿರುಗಿ ಕುಂತೇನಿ, ನನಗೇನೂ ಕಾಣಂಗಿಲ್ಲ."

ಹಿತ್ತಲ ಆಚೆ ರಜಿಯಾ ಖಾಲಾನ ಮನೆ. ನಡುವಿನ ಗೋಡೆಗೆ ಬಾಗಿಲೇ ಇಲ್ಲದ ಒಂದು ಕಿಂಡಿ ಇತ್ತು, ನಾನು ಬಗ್ಗಿ ನುಸುಳುವಷ್ಟು. ಖಾಲಾ ಪೂರಾ ಕೇಳುವ ಮೊದಲೇ ರೊಟ್ಟಿ ಬಡಿಯತೊಡಗಿದಳು. ಮಾಂಸ ಮುಟ್ಟಿಸದ ಬೇರೆ ಗಡಿಗೆ ತೆಗೆದಳು. ಆದರೆ ಬೆಳ್ಳುಳ್ಳಿ, ಬದನೆಕಾಯಿಗಳ ವಿಷಯದಲ್ಲಿ ಮಾತ್ರ ನನ್ನ ಮಾತು ನಡೆಯಲಿಲ್ಲ.

"ಬಳ್ಳೊಳ್ಳಿ ಇಲ್ಲದ ಪಲ್ಯಾ ಬ್ಯಾನಿ ಬಿದ್ದವರು ತಿಂತಾರ ಬೇಟಿ. ನಿಮ್ಮ ಮಾಮಾಗ ಏನಾಗೈತಿ ಧಾಡಿ?"

ಅಂದಿನಿಂದ ದಿನಾ ದೀಪ ಹಚ್ಚುವ ಹೊತ್ತಿಗೆ, ಖಾಲಾನ ಹಿತ್ತಾಳೆಯ ಡಬ್ಬಿ ನನ್ನ ಪರಕಾರದ, ಅಂದರೆ ಲಂಗದ, ಮರೆಯಲ್ಲಿ ಕಿಂಡಿ ದಾಟುತ್ತಿತ್ತು. ತುಂಬುಗಾಯಿ ಬದನೆಕಾಯಿ, ಬಿಸಿ ರೊಟ್ಟಿ. ಬೆಚ್ಚಗೆ ತೊಡೆಗೆ ತಾಗುತ್ತಿತ್ತು. ಘಮಕ್ಕೆ ನನ್ನ ಬಾಯಲ್ಲಿ ನೀರು. ಒಮ್ಮೆಯೂ ಮುಚ್ಚಳ ತೆಗೆದಿರಲಿಲ್ಲ, ಜಿನದೇವರ ಆಣೆ.

ಅವತ್ತು ಅಪ್ಪ ಶೇಂಗಾ ಖರೀದಿಗೆಂದು ಬೀಡಿ ಎಂಬ ಊರಿಗೆ ಹೋಗಿದ್ದ. ನಾನು ಡಬ್ಬಿ ಹಿಡಿದು ಹಿಂಬಾಗಿಲಿನಿಂದ ಒಳಗೆ ಬರುವುದಕ್ಕೂ, ಮುಂಬಾಗಿಲಿನಿಂದ ಹವಾಲ್ದಾರ ಬರುವುದಕ್ಕೂ ಸರಿಹೋಯಿತು. ಅವನು ನಮ್ಮೂರವನೇ. ಮೊದಲೂ ಒಂದೆರಡು ಸಲ ಬಂದು, ಕಟ್ಟೆಯ ಮೇಲೆ ಕೂತು ನೀರು ಕುಡಿದು ಹೋಗಿದ್ದ. ಈ ಸಲ ಕೂಡ್ರಲಿಲ್ಲ. ಟೋಪಿಯಿಂದ ಮಳೆ ನೀರು ತೊಟಿಕ್ಕುತ್ತಿತ್ತು.

"ಏನವಾ, ತಮ್ಮ ಬಂದಿದ್ನೇನ?" ಎಂದು ಅವ್ವನನ್ನು ಕೇಳಿದ.

"ಇಲ್ರಿ" ಅಂದಳು ಅವ್ವ. ಕೈಯಲ್ಲಿದ್ದ ಕಂದೀಲಿನ ಬತ್ತಿಯನ್ನು ಸಣ್ಣದು ಮಾಡಿದಳು.

ಹವಾಲ್ದಾರ ಹೋಗಲು ತಿರುಗಿದ. ನಿಂತ. ಮೂಗು ಅರಳಿಸಿದ.

"ಆಯಿ, ಇದೇನ್ರಿ? ಚೌಮಾಸದಾಗ ನಿಮ್ಮ ಮನ್ಯಾಗ ಬಳ್ಳೊಳ್ಳಿ ವಾಸನಿ? ಅದೂ ಹೊತ್ತು ಮುಳುಗಿದ ಮ್ಯಾಲ?"

ಹಂಚಿನ ಮೇಲೆ ಮಳೆಯ ಸಪ್ಪಳ ಮಾತ್ರ. ಆಯಿಯ ಬೆರಳಲ್ಲಿ ಜಪಮಣಿ ಸರಿಯುವುದು ನಿಂತಿತ್ತು. ಅಷ್ಟರಲ್ಲಿ ಅಟ್ಟದ ಹಲಗೆ ಒಮ್ಮೆ ಕಿರ್ ಅಂದಿತು. ಹವಾಲ್ದಾರ ತಲೆ ಎತ್ತಿದ. ಅವ್ವನ ಕೈಯಿಂದ ಕಂದೀಲು ಇಸಿದುಕೊಂಡ. ನಿಚ್ಚಣಿಕೆಯ ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟ.

ಆ ಬೂಟು ನನಗೆ ಇಂದಿಗೂ ಕಾಣುತ್ತದೆ. ಹಿಮ್ಮಡಿಗೆ ಮೆತ್ತಿದ ಕೆಮ್ಮಣ್ಣು.

ನಾನು ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತೆ. ಪರಕಾರದ ಮರೆಯಿಂದ ಡಬ್ಬಿ ಹೊರಗೆ ತೆಗೆದೆ. ಮುಚ್ಚಳ ಠಣ್ ಎಂದು ಬಿತ್ತು. ಒಂದಿಡೀ ಬದನೆಕಾಯಿ ಎತ್ತಿ ಬಾಯಿಗೆ ತುರುಕಿಕೊಂಡೆ.

"ನಂದ್ರೀ ಅದು. ದಿನಾ ಖಾಲಾನ ಮನಿಂದ ಕದ್ದು ತಂದು ತಿಂತೇನಿ. ನನಗ ನಮ್ಮ ಮನಿ ಸಪ್ಪನ್ನ ಊಟ ಸೇರಂಗಿಲ್ರಿ!"

ಎಣ್ಣೆ ಗದ್ದದ ಮೇಲೆ ಹರಿಯುತ್ತಿತ್ತು. ಹವಾಲ್ದಾರನ ಕಾಲು ಮೆಟ್ಟಿಲ ಮೇಲೇ ಇತ್ತು. ನನಗೆ ಬೇರೆ ದಾರಿ ತೋಚಲಿಲ್ಲ, ಇನ್ನೊಂದು ಬದನೆಕಾಯಿಯನ್ನೂ ತುರುಕಿದೆ.

ಆಗ ಎದ್ದಳು ಆಯಿ. ಅಷ್ಟು ಬೇಗ ಅವಳು ಎದ್ದದ್ದನ್ನು ನಾನು ಹಿಂದೆಯೂ ನೋಡಿಲ್ಲ, ಮುಂದೆಯೂ ನೋಡಲಿಲ್ಲ. ಬೆನ್ನ ಮೇಲೆ ಧಪಾ ಧಪಾ ಬಿದ್ದವು.

"ಹೊತ್ತು ಮುಳುಗಿದ ಮ್ಯಾಲ! ನನ್ನ ಮುಂದ! ನನ್ನ ನೇಮ ಕೆಡಿಸಿದ್ಯಲ್ಲೇ ಹಲ್ಕಟ್!"

ನಾನು ಅತ್ತೆ. ಅದು ನಾಟಕದ ಅಳು ಅಲ್ಲ, ನಿಜವಾಗಿಯೂ ಉರಿಯುತ್ತಿತ್ತು. ಹವಾಲ್ದಾರ ಕಾಲು ಕೆಳಗಿಟ್ಟ. ಬಂದು ಆಯಿಯ ಕೈ ಹಿಡಿದ.

"ಬಿಡ್ರಿ ಆಯಿ, ಸಣ್ಣ ಹುಡುಗಿ. ಬಾಯಿ ಚಪಲ." ಬಾಗಿಲವರೆಗೆ ಹೋಗಿ, ಹೊರಗಿನ ಮಳೆಗೆ ಹೇಳುವವನಂತೆ ಸೇರಿಸಿದ: "ನಾಳೆ ಮಧ್ಯಾಹ್ನ ಬೆಳಗಾವಿಂದ ಸಾಹೇಬ್ರು ಬರಾವ್ರದಾರ. ಅವರು ವಾಸನಿ ನೋಡಾವ್ರಲ್ಲ, ಅಟ್ಟಾನ ನೋಡ್ತಾರ. ಮನಿ ಸ್ವಚ್ಛ ಮಾಡಿ ಇಟ್ಗೋರಿ."

ಅವನಿಗೆ ಎಲ್ಲ ತಿಳಿದಿತ್ತು. ನೆಪವೊಂದು ಬೇಕಿತ್ತು, ನಾನು ಕೊಟ್ಟೆ.

ಮರುದಿನ ಬೆಳಗಾಗುತ್ತಲೇ ಖಾಲಾನ ಗಂಡ ಹಂಚು ತುಂಬಿದ ಗಾಡಿ ಹೂಡಿದರು. ಗಾಡಿಯ ಹಿಂದೆ ಗೋಣಿಚೀಲದ ಕೊಪ್ಪೆ ಹೊದ್ದ ಕೂಲಿಯವನೊಬ್ಬ ನಡೆದು ಹೋದ. ಅವನ ಕಂಕುಳಲ್ಲಿ ಖಾಲಾನ ಡಬ್ಬಿ ಇತ್ತು, ರೊಟ್ಟಿ ತುಂಬಿದ್ದು. ಅವ್ವ ಬಾಗಿಲಿಗೆ ಬರಲಿಲ್ಲ. ಒಳಗೆ ಕೂತು ಒಂದೇ ಸಮನೆ ಅಕ್ಕಿ ಆರಿಸುತ್ತಿದ್ದಳು, ಆರಿಸಿದ್ದನ್ನೇ ಆರಿಸುತ್ತಿದ್ದಳು.

ನನ್ನ ತಪ್ಪಿಗೆ ಆಯಿ ಅವತ್ತು ಉಪವಾಸ ಮಾಡಿದಳು. ಬೆನ್ನಿಗೆ ಕೊಬ್ಬರಿ ಎಣ್ಣೆ ಸವರುತ್ತ, "ಸುಳ್ಳು ಹೊಡತ ಹೊಡದಿದ್ರ ಅವಂಗ ತಿಳೀತಿತ್ತವಾ" ಅಂದಳು. ಎಣ್ಣೆ ಬಟ್ಟಲು ಪಕ್ಕಕ್ಕಿಟ್ಟು, ಮೆಲ್ಲಗೆ ಕೇಳಿದಳು: "ಬದನಿಕಾಯಿ... ಛಲೋ ಇತ್ತೇನ?"

ಮಾಮಾ ಎಪ್ಪತ್ತೇಳರಲ್ಲಿ ತಿರುಗಿ ಬಂದ. ಗಡ್ಡ ಬಿಟ್ಟಿದ್ದ, ಸೊರಗಿದ್ದ, ಆದರೆ ಬಂದ. ಡಬ್ಬಿ ಮಾತ್ರ ಯಾವ ಊರಲ್ಲೋ ಕಳೆದುಹೋಗಿತ್ತು. ಈಗ ಮಾಮಾನೂ ಇಲ್ಲ, ಆಯಿಯೂ ಇಲ್ಲ. ಆ ಹಿತ್ತಲ ಕಿಂಡಿಯೂ ಮುಚ್ಚಿದೆ. ಎರಡೂ ಮನೆ ಬೇರೆಯವರ ಕೈಗೆ ಹೋಗಿ ನಡುವೆ ಸಿಮೆಂಟಿನ ಗೋಡೆ ಎದ್ದಿದೆ, ಮೇಲೆ ಗಾಜಿನ ಚೂರು. ನಮ್ಮ ಈಗಿನ ಪಕ್ಕದ ಮನೆಯವರ ಒಲೆಯಲ್ಲಿ ಏನು ಬೇಯುತ್ತದೆಂದು ನನಗೆ ಗೊತ್ತಿಲ್ಲ. ನಾನು ಉಪವಾಸ ಬಿದ್ದರೆ ಅವರಿಗೂ ಗೊತ್ತಾಗಲಾರದು.

ರಜಿಯಾ ಖಾಲಾ ಮಾತ್ರ ಇದ್ದಾಳೆ. ಬೆಳಗಾವಿಯ ನೆಹರು ನಗರದಲ್ಲಿ, ಮಗನ ಮನೆಯಲ್ಲಿ. ಕಣ್ಣು ಮಂಜಾಗಿದೆ, ಕಿವಿ ಚುರುಕು. ಹೋದ ವಾರ ಹೋಗಿ, ಪಕ್ಕದಲ್ಲಿ ಕೂತು ಕೆಣಕಿದೆ.

"ಖಾಲಾ, ನನ್ನ ಮೊಮ್ಮಗಳು ನಮ್ಮ ಕತಿ ಟೀವಿ ಸೀರಿಯಲ್ ಮಾಡಬೇಕಂತಾಳ. ಅವತ್ತು ನೀವು ಬಳ್ಳೊಳ್ಳಿ ಹಾಕಿರಲಿಲ್ಲ ಅಂದ್ರ ನನ್ನ ಬೆನ್ನಿನ ಹೊಡತಾರ ತಪ್ಪತಿತ್ತು ನೋಡ್ರಿ!"

ಖಾಲಾ ಕೈಯಿಂದ ನನ್ನ ಮಡಿಲು ತಡವಿದಳು. ಅಲ್ಲಿ ಏನೂ ಸಿಗಲಿಲ್ಲ.

"ಸೀರಿಯಲ್ ಆಮ್ಯಾಲ ಮಾಡೀಯಂತ. ಐವತ್ತು ವರ್ಷ ಆತು, ಇವತ್ತೂ ಖಾಲಿ ಕೈಲೆ ಬಂದೀಯಲ್ಲ, ನನ್ನ ಡಬ್ಬಿ ಎಲ್ಲೈತಿ? ಬಳ್ಳೊಳ್ಳಿ ಹಾಕಿ ತುಂಬಿಸಿ ತೊಗೊಂಡ ಬಾ!"